ಇನ್ನೂರ ಹನ್ನೆರಡನೆಯ ಪುಟದವರೆಗೆ

ಕ್ರೈಸ್ತ ದೈವಶಾಸ್ತ್ರದ ಪುಸ್ತಕಗಳನ್ನು ಓದಿ ತೂಗುವ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಸವೆಸಿ, ಈ ತಿಂಗಳ ಕೊನೆಗೆ ನಮ್ಮ ದೈವಶಾಸ್ತ್ರ ಕಾಲೇಜಿನಿಂದ ನಿವೃತ್ತರಾಗುತ್ತಿರುವ ಪೂಜ್ಯ ಗುರುಗಳಿಗೆ ಈ ಕ್ಷೇತ್ರದಲ್ಲಿ ಯಾವ ಸ್ಥಾನ ಕೊಡಬೇಕೆಂದು ಕೇಳಿದರೆ, ಬಾಗಿಲ ಬಳಿಯ ಕುರ್ಚಿ ಎನ್ನುತ್ತೇನೆ. ಅವರ ತಪಾಸಣೆ ದಾಟದೆ ಯಾವ ಪುಸ್ತಕವೂ ನಮ್ಮ ಗ್ರಂಥಾಲಯದ ಕಪಾಟು ಸೇರಿದ್ದಿಲ್ಲ. ಹಳೆಯ ಒಡಂಬಡಿಕೆಯ ಪ್ರಾಧ್ಯಾಪಕರಾದ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಕರೆಯುತ್ತಿದ್ದದ್ದು ‘ಅಡಿಟಿಪ್ಪಣಿ ಮೇಷ್ಟ್ರು’ ಎಂದು. ಪುಸ್ತಕ ಕೈಗೆ ಬಂದೊಡನೆ ಮುನ್ನುಡಿ ಬೆನ್ನುಡಿಗಳನ್ನು ಹಾರಿಸಿ ನೇರವಾಗಿ ಅಡಿಟಿಪ್ಪಣಿಗೆ ಇಳಿಯುವುದು ಅವರ ಕ್ರಮ. “ಮುನ್ನುಡೀಲಿ ಎಲ್ರೂ ಒಳ್ಳೆಯವರೇ ಕಣಯ್ಯ,” ಎನ್ನುತ್ತಿದ್ದರು.

ಗುಮಾನಿ ಅವರ ಕಸುಬು. ಲೇಖಕರು ಉಲ್ಲೇಖಿಸಿದ ಬೈಬಲ್ ವಚನಗಳನ್ನೆಲ್ಲ, ತಮಗೆ ಬಾಯಿಪಾಠವಾಗಿದ್ದವನ್ನೂ ಬಿಡದೆ, ಮೂಲ ತೆರೆದು ನೋಡಿ, ಸರಿಯಿದ್ದರೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡುತ್ತಿದ್ದರು. ಬೈಬಲ್‌ನಲ್ಲಿದೆ ಎಂದು ಬೋಧಕರೇ ಎದೆ ತಟ್ಟಿ ಹೇಳುವ ಎಷ್ಟೋ ಮಾತುಗಳು ಅಲ್ಲಿ ಇಲ್ಲವೇ ಇಲ್ಲ ಎಂಬುದನ್ನು ನಾವು ಕಲಿತದ್ದು ಈ ಚುಕ್ಕೆ ಬೀಳದ ಜಾಗಗಳಿಂದ. ನನ್ನ ಮೊದಲ ಪ್ರಬಂಧದಲ್ಲಿ ಬಿದ್ದ ಚುಕ್ಕೆಗಳು ನಾಲ್ಕು; ಬೀಳದವು ಹನ್ನೊಂದು. ನಾನು ಮುಖ ಸಣ್ಣದು ಮಾಡಿಕೊಂಡು ನಿಂತಾಗ ಯಾವ ಮಾತು ಬೈಬಲ್‌ನಲ್ಲಿ ಎಲ್ಲಿದೆಯೆಂದು ತೋರಿಸುವ ತಮ್ಮ ಸ್ವಂತ ಪದಸೂಚಿಯನ್ನು ಕೈಗಿಟ್ಟು, “ಇಟ್ಕೋ, ನನಗೆ ಇನ್ನೊಂದಿದೆ,” ಎಂದರು. ಇನ್ನೊಂದು ಇರಲಿಲ್ಲವೆಂದು ಆಮೇಲೆ ತಿಳಿಯಿತು. ಓದು ಮುಗಿದ ಮೇಲೆ ಕಾಲೇಜಿನ ತ್ರೈಮಾಸಿಕ ಪತ್ರಿಕೆಗೆ ನನ್ನನ್ನು ಸಹಸಂಪಾದಕನನ್ನಾಗಿ ಮಾಡಿಸಿದವರೂ ಅವರೇ.

ಅಂಥವರನ್ನು ನಾನು ಇಪ್ಪತ್ತೊಂದು ವರ್ಷ ನಂಬಲಿಲ್ಲ. ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಬರೆಯಬಾರದೆಂದು ಬಲ್ಲೆ. ಆದರೂ ಬರೆಯುತ್ತೇನೆ.

ಆ ಅಪನಂಬಿಕೆ ಹುಟ್ಟಿದ ವರ್ಷ, ಹಳ್ಳಿ ಚರ್ಚುಗಳಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯ ಸಭಾಪಾಲಕರೊಬ್ಬರು ನೀತಿವಂತರ ಸಂಕಟವನ್ನು ಕುರಿತು ಹದಿನಾರು ವರ್ಷ ಕೂತು ಬರೆದ ಪುಸ್ತಕವೊಂದು ವಿಮರ್ಶೆಗೆ ಬಂದಿತ್ತು. ಗುರುಗಳ ವಿಮರ್ಶೆಯೂ ಅಚ್ಚಾಯಿತು. ‘ದುಃಖಿಯ ಪ್ರಶ್ನೆಯನ್ನು ಎತ್ತಿದ ಲೇಖಕರು ಅದನ್ನು ನಡುದಾರಿಯಲ್ಲಿ ಕೈಬಿಟ್ಟಿದ್ದಾರೆ’ ಎಂಬುದು ಅದರ ತೀರ್ಪು. ಎರಡು ವಾರದಲ್ಲಿ ಪಾಲಕರ ಪತ್ರ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಕೊನೆಯ ಮೂರು ಅಧ್ಯಾಯಗಳನ್ನು ವಿಮರ್ಶಕರು ಓದಿದ್ದಾರೆಯೇ ಎಂದಷ್ಟೇ ಕೇಳಿದ್ದರು. ಕಪಾಟಿನಿಂದ ಆ ಪ್ರತಿಯನ್ನು ತೆಗೆದು ಪುಟ ತಿರುವಿದೆ. ಪೆನ್ಸಿಲ್ ಚುಕ್ಕೆಗಳು ಇನ್ನೂರ ಹನ್ನೆರಡನೆಯ ಪುಟಕ್ಕೆ ನಿಂತಿದ್ದವು. ಮುಂದಿನ ಅರವತ್ತು ಪುಟಗಳ ಅಂಚು ಖಾಲಿ.

ಮುಂದಿನ ಸಂಚಿಕೆಯಲ್ಲಿ ಗುರುಗಳು ಬಹಿರಂಗವಾಗಿ ಕ್ಷಮೆ ಕೋರಿ, ಪುಸ್ತಕವನ್ನು ಪೂರ್ತಿ ಓದಿ ಎರಡನೆಯ ವಿಮರ್ಶೆ ಬರೆದರು. ಪಾಲಕರ ಮನೆಗೂ ಹೋಗಿ ಬಂದರಂತೆ. ಅಂದಿನಿಂದ ಅವರ ಪ್ರತಿ ವಿಮರ್ಶೆಯೂ ‘ಈ ಪುಸ್ತಕದ ಇಷ್ಟು ಪುಟಗಳನ್ನು ಓದಿದ್ದೇನೆ’ ಎಂಬ ವಾಕ್ಯದಿಂದ ಆರಂಭವಾಗತೊಡಗಿತು. ಉಳಿದವರು ಅದನ್ನು ಪ್ರಾಮಾಣಿಕತೆ ಎಂದು ಕೊಂಡಾಡಿದರು. ನಾನು ಮಾತ್ರ, ಒಮ್ಮೆ ಸಿಕ್ಕಿಬಿದ್ದವರ ಎಚ್ಚರಿಕೆ ಎಂದುಕೊಂಡೆ. ನನ್ನ ಮೂರು ಪುಸ್ತಕಗಳಲ್ಲಿ ಒಂದನ್ನೂ ಅವರಿಗೆ ಕಳಿಸಲಿಲ್ಲ. ಅದು ನನ್ನ ನಷ್ಟವಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಬೈಬಲ್ ವ್ಯಾಖ್ಯಾನಮಾಲೆಗೆ ಪ್ರಧಾನ ಸಂಪಾದಕರನ್ನು ಆರಿಸುವಾಗ, ಅವರು ಹೇಗೆ ಎಂದು ಸಮಿತಿಯವರು ನನ್ನನ್ನು ಕೇಳಿದ್ದರು. “ಪೂರ್ತಿ ಓದ್ತಾರೆ ಅನ್ನೋ ನಂಬಿಕೆ ನನಗಿಲ್ಲ,” ಎಂದುಬಿಟ್ಟೆ. ಆ ಸ್ಥಾನ ಬೇರೆಯವರ ಪಾಲಾಯಿತು.

ಮೂರು ವಾರದ ಹಿಂದೆ, ಗುರುಗಳ ಹಸ್ತಾಕ್ಷರದ ಒಂದು ಪುಟ ಈ ಗ್ರಂಥಕ್ಕೆ ಬೇಕೆಂದು ಸಂಪಾದಕರು ಕೇಳಿದರು. ಹುಡುಕಲು ಪತ್ರಿಕೆಯ ಹಳೆಯ ಕಟ್ಟುಗಳನ್ನು ಬಿಚ್ಚಿದಾಗ ಆ ಮೊದಲ ವಿಮರ್ಶೆಯ ಮೂಲಪ್ರತಿ ಕೈಗೆ ಬಂತು. ಕೊನೆಯಲ್ಲಿ ಹೀಗಿತ್ತು: ‘ಮನೆಯ ಅಡಚಣೆಯಿಂದಾಗಿ ಇನ್ನೂರ ಹನ್ನೆರಡನೆಯ ಪುಟದಿಂದಾಚೆಗೆ ಓದಲಾಗಿಲ್ಲ. ಉತ್ತರ ಅಲ್ಲಿರಬಹುದು, ಅದನ್ನು ಓದಿ ಮುಂದಿನ ಸಂಚಿಕೆಯಲ್ಲಿ ಬರೆಯುವವರೆಗೆ ನನ್ನ ತೀರ್ಪನ್ನು ಯಾರೂ ಒಪ್ಪಬಾರದು.’ ಈ ಎರಡು ವಾಕ್ಯಗಳ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ‘ಜಾಗ ಸಾಲದು’ ಎಂಬ ಬರಹ. ಅಕ್ಷರ ನನ್ನದು.

ಆಗ ಎಲ್ಲವೂ ನೆನಪಾಯಿತು. ಅಮ್ಮನವರು, ಅಂದರೆ ಗುರುಪತ್ನಿ, ಆಸ್ಪತ್ರೆಯಲ್ಲಿದ್ದರು. ಗುರುಗಳು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಓದುತ್ತಿದ್ದರು. ನಾಳೆ ಅಚ್ಚಿಗೆ ಹೋಗಬೇಕು, ಆದಷ್ಟು ಕೊಡಿ ಎಂದು ಅವರ ಜೀವ ತಿಂದವನು ನಾನು. ಒಂದು ಪುಟಕ್ಕೆ ಹೊಂದಿಸುವ ಆತುರದಲ್ಲಿ, ಕೊನೆಯಲ್ಲಿ ಎಂದಿನ ಶುಭಾಶಯವಿರುತ್ತದೆಂದು ಓದದೆಯೇ ಗೆರೆ ಎಳೆದಿದ್ದೆ. ಓದದೆ ತೀರ್ಪು ಕೊಟ್ಟವನು ನಾನೇ.

ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ಆ ಹಾಳೆಯನ್ನು ಮುಂದಿಟ್ಟೆ. ಕನ್ನಡಕ ಏರಿಸಿ ನೋಡಿದರು.

“ಗೊತ್ತಿತ್ತು,” ಎಂದರು.

“ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ ಸಾರ್?”

“ಹೇಳಿದ್ರೆ ಹೆದರ್ಕೊಂಡು ನೀನು ಆಮೇಲೆ ಯಾವ ಸಾಲಿಗೂ ಕತ್ತರಿ ಹಾಕ್ತಿರ್ಲಿಲ್ಲ. ಪತ್ರಿಕೆ ನಡೀಬೇಕಲ್ಲ! ಅಲ್ದೆ ಮೊದಲು ಹೇಳೋ ಮಾತನ್ನ ಕೊನೇಲಿ ಇಟ್ಟಿದ್ದು ನನ್ನ ತಪ್ಪು.”

“ಅಷ್ಟಕ್ಕೇ ನಿಂತಿಲ್ಲ ಸಾರ್,” ಎಂದು ಸಮಿತಿಯ ಮುಂದೆ ಆಡಿದ ಮಾತನ್ನೂ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮನವರು ನಿಂತುಬಿಟ್ಟರು. ಗುರುಗಳು ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು.

“ಅದು ಗೊತ್ತಿರ್ಲಿಲ್ಲ,” ಎಂದರು.

“ಆ ಕೆಲಸಕ್ಕೆ ಅಂತ ಎಷ್ಟು ಟಿಪ್ಪಣಿ ಮಾಡಿಟ್ಟಿದ್ರು ಗೊತ್ತೇನಪ್ಪ ನಿನಗೆ?” ಎಂದು ಅಮ್ಮನವರು ಒಳಗೆ ಹೋದರು. ಕ್ಷಮಿಸಿದೆನೆಂದು ಗುರುಗಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಹೊರಡುವಾಗ ಮಾತ್ರ, “ನನ್ನ ಬಗ್ಗೆ ಬರೀತೀಯಂತಲ್ಲ. ಇದನ್ನೂ ಬರಿ,” ಎಂದರು.

ಬರೆದಿದ್ದೇನೆ. ಗುರುಗಳು ನೂರು ಕಾಲ ಬಾಳಲಿ, ಅವರ ಕಣ್ಣುಗಳ ತೀಕ್ಷ್ಣತೆ ಕುಂದದಿರಲಿ, ಅಮ್ಮನವರು ಹೇಳಿದ ಆ ಟಿಪ್ಪಣಿಗಳು ಪುಸ್ತಕವಾಗಿ ನಮ್ಮೆಲ್ಲರ ಕೈ ಸೇರಲಿ. ಈ ಗ್ರಂಥದ ಸಂಪಾದಕರಲ್ಲಿ ನನ್ನದೊಂದು ವಿನಂತಿ. ಜಾಗ ಸಾಲದಿದ್ದರೆ ಮೇಲಿನ ಹೊಗಳಿಕೆಯಲ್ಲಿ ಎಷ್ಟು ಬೇಕಾದರೂ ತೆಗೆಯಿರಿ. ಸಮಿತಿಯವರು ಓದಬೇಕಾದ ಈ ಮಾತನ್ನು ಮಾತ್ರ ಉಳಿಸಿ: ಅಂದು ನಾನು ಅವರ ಬಗ್ಗೆ ಹೇಳಿದ್ದು ಸುಳ್ಳು.