ಬಿಲ್ಲಿಗೆ ಜಗಳವಾಡದ ಬೀಗರು

ನ್ಯೂಯಾರ್ಕನ್ನು ಪುಕ್ಕಟೆಯಾಗಿ ನೋಡುವುದು ಹೇಗೆಂದು ತಿಳಿಯಬೇಕಾದರೆ ನನ್ನನ್ನು ಕೇಳಬೇಕು. ಈ ವಿದ್ಯೆಯನ್ನು ನಾನು ಆಸೆಪಟ್ಟು ಕಲಿತದ್ದಲ್ಲ. ಬ್ಯಾಂಕುಗಳು ಒಂದರ ಹಿಂದೊಂದು ಮಕಾಡೆ ಮಲಗಿದ ಆ ಚಳಿಗಾಲದಲ್ಲಿ, ಮ್ಯಾನ್‌ಹಟನ್ನಿನ ನನ್ನ ಕೆಲಸವೂ ಹೋದ ಮೇಲೆ, ತಾನಾಗಿಯೇ ಒಲಿದು ಬಂದದ್ದು. ಅಲ್ಲಿಯವರೆಗೆ ವರ್ಷಗಟ್ಟಲೆ, ನಾವಿರುವ ಎಡಿಸನ್ ಎಂಬ ಪಕ್ಕದ ಊರಿನಿಂದ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ ಬಂದಿದ್ದೆ. ಆದರೆ ನನಗೆ ಗೊತ್ತಿದ್ದುದು ರೈಲು ನಿಲ್ದಾಣ, ಆಫೀಸಿನ ಲಿಫ್ಟು ಮತ್ತು ಇವೆರಡರ ನಡುವೆ ಓಡುವವರ ಬೆನ್ನು ಮಾತ್ರ. ಕೆಲಸ ಹೋದ ಮೇಲೆ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಹೋಗಿ ಅಲೆಯುತ್ತಿದ್ದೆ. ಯಾವ ಲೈಬ್ರರಿ ಬೆಚ್ಚಗಿದೆ, ಯಾವ ಮ್ಯೂಸಿಯಮ್ಮಿನಲ್ಲಿ ಇಷ್ಟ ಬಂದಷ್ಟು ಕೊಟ್ಟು ಒಳಗೆ ಹೋಗಬಹುದು, ಯಾವ ಬೆಂಚಿಗೆ ಬಿಸಿಲು ಬೀಳುತ್ತದೆ ಎಂಬುದೆಲ್ಲ ಹಾಗೆ ತಿಳಿಯಿತು. ಇಷ್ಟು ಚೆಂದದ ಊರೆಂದು ಗೊತ್ತಾಗಲು ಇಂಥ ಕೇಡುಗಾಲವೇ ಬರಬೇಕಾಯಿತು.

ಈ ಪಾಂಡಿತ್ಯ ನನ್ನೊಳಗೇ ಕೊಳೆತು ಹೋಗುತ್ತಿತ್ತೇನೋ. ಅಷ್ಟರಲ್ಲಿ ಮೈಸೂರಿನಿಂದ ನಮ್ಮ ಬೀಗರಾಗಲಿರುವವರು ಬಂದಿಳಿದರು.

ನಮ್ಮ ಮಗಳು ಅನು, ವಾಸುದೇವ ರಾಯರ ಮಗ ಕಾರ್ತಿಕನನ್ನು ತಾನೇ ಮೆಚ್ಚಿ ಒಪ್ಪಿಕೊಂಡಿದ್ದಳು. ಅವಳು ಇಲ್ಲಿಯೇ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಟೀಚರು. ಅವನು ಕೆಲಸದ ವೀಸಾದ ಮೇಲೆ ಬಂದು ಮ್ಯಾನ್‌ಹಟನ್ನಿನ ಒಂದು ಕೋಣೆಯ ಮನೆಯಲ್ಲಿದ್ದವನು. ರಾಯರೂ ಅವರ ಹೆಂಡತಿ ಶಾರದಮ್ಮನೂ ಆ ಕೋಣೆಯಲ್ಲೇ ಉಳಿದುಕೊಂಡು ಮದುವೆಯ ಮಾತುಕತೆ ಮುಗಿಸಿ ಹೋಗುವುದೆಂದು ಏರ್ಪಾಡು. ಗಂಡಿನ ಕಡೆಯವರಿಗೆ ಊರು ತೋರಿಸುವುದು ಹೆಣ್ಣಿನ ತಂದೆಯ ಧರ್ಮ. ಆದರೆ ಹೆಣ್ಣಿನ ತಂದೆಗೆ ಕೆಲಸವಿಲ್ಲವೆಂಬ ಸಂಗತಿ ಗಂಡಿನ ಕಡೆಯವರಿಗೆ ಗೊತ್ತಿರಲಿಲ್ಲ. ಮದುವೆ ಮುಗಿಯುವವರೆಗೆ ಗೊತ್ತಾಗಬಾರದೆಂದು ನಾನೇ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೆ.

"ನಿಮಗೋಸ್ಕರ ಆಫೀಸಿಗೆ ರಜಾ ಹಾಕಿದೀನಿ," ಎಂದೆ, ಅವರನ್ನು ಎದುರುಗೊಂಡಾಗ.

"ಛೆ ಛೆ, ನಮ್ಮಿಂದ ನಿಮಗೆ ತೊಂದರೆ," ಎಂದರು ರಾಯರು. "ಕಾರ್ತಿಕನಿಗಂತೂ ಉಸಿರಾಡೋಕೂ ಪುರಸೊತ್ತಿಲ್ಲ ನೋಡಿ. ಬೆಳಿಗ್ಗೆ ಹೋದ್ರೆ ಕತ್ತಲಾದ ಮೇಲೇ ಬರೋದು."

ನಮ್ಮ ಸವಾರಿ ಹೊರಟಿತು. ದೊಡ್ಡ ಕಟ್ಟಡದ ತುದಿಗೇರಿ ಊರು ನೋಡುವ ಟಿಕೆಟ್ಟು ಬಲು ದುಬಾರಿ. ಹಾಗೆಂದು ಹೇಳಲಾದೀತೇ? ಮೇಲಿನಿಂದ ನೋಡಿದರೆ ಎಲ್ಲ ಊರೂ ಒಂದೇ, ಊರಿನ ಜೀವ ಕಾಣುವುದು ಕೆಳಗಿನಿಂದಲೇ ಎಂದು ಒಂದು ಸಿದ್ಧಾಂತ ಮಂಡಿಸಿದೆ. ರಾಯರು ವಿರೋಧಿಸಲಿಲ್ಲ. "ನನಗೂ ಎತ್ತರ ಅಂದ್ರೆ ತಲೆಸುತ್ತು ಬರತ್ತೆ," ಎಂದರು.

"ವಾರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋರಿಗೆ ಅದ್ಯಾವ ತಲೆಸುತ್ತು?" ಎಂದು ಶಾರದಮ್ಮ ಕೇಳಿದರು. ರಾಯರು ಎದುರಿನ ಟ್ರಾಫಿಕ್ ದೀಪವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತುಬಿಟ್ಟರು.

ಹೀಗೆಯೇ ಸಾಗಿತು. ಟ್ಯಾಕ್ಸಿ ಬೇಡ, ನಡೆದರೆ ಆರೋಗ್ಯ ಎಂದೆ ನಾನು. ಡಾಕ್ಟರು ತಮಗೂ ಅದನ್ನೇ ಹೇಳಿದ್ದಾರೆ ಎಂದರು ಅವರು. ಮಧ್ಯಾಹ್ನ ಹೊರಗಿನ ಊಟ ಬೇಡ, ಇಲ್ಲಿ ಯಾವುದರಲ್ಲಿ ಏನು ಹಾಕುತ್ತಾರೋ ಎಂದು ನಾನು ಬಾಯಿ ತೆರೆಯುವ ಮೊದಲೇ ಶಾರದಮ್ಮ ಚೀಲದಿಂದ ಪುಳಿಯೋಗರೆಯ ಡಬ್ಬಿ ತೆಗೆದರು. ನನ್ನ ಹೆಂಡತಿ ಸುಧಾ ಚಪಾತಿಯ ಡಬ್ಬಿ ತೆಗೆದಳು. ಪಾರ್ಕಿನ ಬೆಂಚಿನ ಮೇಲೆ ಕೋಟು ಹೊದ್ದು ಕೂತು, ಗಾಳಿಗೆ ಹಾರುವ ಪೇಪರ್ ನ್ಯಾಪ್‌ಕಿನ್ನುಗಳನ್ನು ಹಿಡಿಯುತ್ತ ಉಂಡೆವು. ಇಷ್ಟು ಸುಲಭವಾಗಿ ಎಲ್ಲಕ್ಕೂ ಹೂಂಗುಟ್ಟುವ ಬೀಗರು ಯಾರಿಗುಂಟು ಯಾರಿಗಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ನಮ್ಮ ಕಡೆ ಬೀಗರೆಂದರೆ ಪಾಯಸಕ್ಕೆ ದ್ರಾಕ್ಷಿ ಸಾಲದೆಂದು ಎಲೆ ಬಿಟ್ಟು ಎದ್ದವರುಂಟು. ಸಂಶಯ ಬರಬೇಕಿತ್ತು; ಬರಲಿಲ್ಲ. ತನ್ನ ಗುಟ್ಟು ಕಾಯುವುದರಲ್ಲಿ ಮುಳುಗಿದವನಿಗೆ ಪಕ್ಕದವನ ಗುಟ್ಟು ಕಾಣಿಸುವುದಿಲ್ಲ.

ಸಂಜೆಯ ಹೊತ್ತಿಗೆ ಊರಿನ ದಕ್ಷಿಣದ ತುದಿಗೆ ಬಂದೆವು. ಅಲ್ಲಿ ಬೀದಿಯಲ್ಲಿ ಒಂದು ಕಂಚಿನ ಗೂಳಿ ನಿಂತಿದೆ. ಷೇರುಪೇಟೆಯ ಏಳಿಗೆಯ ಗುರುತಂತೆ ಅದು. ಪೇಟೆ ನೆಲಕಚ್ಚಿದ್ದರೂ ಗೂಳಿ ಮಾತ್ರ ಏನೂ ಆಗಿಲ್ಲವೆಂಬಂತೆ ಮೂಗರಳಿಸಿಕೊಂಡು ನಿಂತಿತ್ತು. ಶಾರದಮ್ಮ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಳಿ ಎಲುಬಿಗಿಳಿದಿತ್ತು. ಪಕ್ಕದ ಗಾಡಿಯಲ್ಲಿ ಕಾಫಿ ಕಂಡು ಸುಧಾ ನಾಲ್ಕು ಲೋಟ ಹೇಳಿಯೇ ಬಿಟ್ಟಳು.

ಇಲ್ಲಿ ನಾನು ಸ್ವಲ್ಪ ನಿಂತು ಬಿಲ್ಲಿನ ಶಾಸ್ತ್ರ ಹೇಳಬೇಕು. ನಮ್ಮವರಲ್ಲಿ ಬಿಲ್ಲು ಕೊಡುವುದೆಂದರೆ ಒಂದು ಗರಡಿ ವಿದ್ಯೆ. ನನ್ನ ಇಬ್ಬರು ಸೋದರಮಾವಂದಿರು ಎರಡು ಮಸಾಲೆದೋಸೆಯ ಬಿಲ್ಲಿಗಾಗಿ ಗಲ್ಲಾದ ಮುಂದೆ ಎಳೆದಾಡಿ ಒಬ್ಬರ ಜುಬ್ಬಾದ ಜೇಬು ಹರಿದಿತ್ತು. ಅದನ್ನು ಹೊಲಿಸುವ ಖರ್ಚು ಯಾರದೆಂದು ಮತ್ತೊಂದು ಜಗಳವಾಯಿತು. ಅಮೆರಿಕಕ್ಕೆ ಬಂದರೂ ಈ ಗುಣ ಬಿಡುವುದಿಲ್ಲ. ಎಡಿಸನ್ನಿನ ಹೋಟೆಲುಗಳಲ್ಲಿ ಕೈತೊಳೆಯುವ ನೆಪ ಹೇಳಿ ಎದ್ದು, ಕದ್ದು ಕಾರ್ಡು ಕೊಟ್ಟು ಬರುವ ಮಹನೀಯರಿದ್ದಾರೆ. ಮನಸ್ಸಿಲ್ಲದವರಿಗೂ ಒಂದು ಪಟ್ಟು ಇದೆ: ಪರ್ಸು ಒಳಜೇಬಿನಲ್ಲಿ ಸಿಕ್ಕಿಕೊಂಡಂತೆ ತಡಕಾಡುತ್ತ, ಇನ್ನೊಬ್ಬರು ಕೊಟ್ಟಾದ ಮೇಲೆ ಹೊರತೆಗೆದು ಬೇಸರಪಡುವುದು. ಆದರೆ ಯಾರೊಬ್ಬರ ಕೈಯೂ ಜೇಬಿನ ಕಡೆಗೆ ಹೋಗದಿರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದೂ ಬೀಗರು ಬೀಗರ ನಡುವೆ.

ಆ ಸಂಜೆ ಕಂಡೆ. ಗಾಡಿಯವನು ಲೋಟಗಳನ್ನು ಮುಂದಿಟ್ಟ ಕೂಡಲೇ ನಾನು ತಲೆಯೆತ್ತಿ ಮೋಡ ನೋಡತೊಡಗಿದೆ. ರಾಯರು ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು. ನಾನು ಮೋಡ ನೋಡಿಯೇ ನೋಡಿದೆ. ಅವರು ಕಟ್ಟಿಯೇ ಕಟ್ಟಿದರು. ಕೊನೆಗೆ ಸುಧಾ ನನ್ನನ್ನು ಸುಡುವಂತೆ ನೋಡಿ ತಾನೇ ದುಡ್ಡು ಕೊಟ್ಟಳು. ರಾಯರು ಎದ್ದಾಗ ಅವರ ಮುಖ ಕಪ್ಪಿಟ್ಟಿತ್ತು. ನಮ್ಮ ಕಣ್ಣು ಕೂಡಿದವು, ಕೂಡಲೇ ಬೇರೆಯಾದವು.

ಆಗ ನನಗೆ ಎಲ್ಲವೂ ಹೊಳೆಯಿತು. ಹೊರಗೆ ಹೊರಟ ತಂದೆಯ ಜೇಬಿಗೆ ನಾಲ್ಕು ಡಾಲರ್ ತುರುಕದ ಮಗನುಂಟೇ? ತುರುಕಿಲ್ಲವೆಂದರೆ ಅವನಲ್ಲಿ ಇಲ್ಲ. ಇಲ್ಲವೆಂದರೆ ಕೆಲಸ ಹೋಗಿದೆ. ಕೆಲಸ ಹೋದರೆ ವೀಸಾ ಹೆಚ್ಚು ದಿನ ಬಾಳದು. ಹುಡುಗ ಒಂದೋ ಊರಿಗೆ ಹಿಂತಿರುಗಬೇಕು, ಇಲ್ಲವೇ ಇಲ್ಲಿಯ ಪ್ರಜೆಯೊಬ್ಬಳನ್ನು ಮದುವೆಯಾಗಬೇಕು. ನನ್ನ ಮಗಳು ಇಲ್ಲಿಯ ಪ್ರಜೆ. ಗ್ರೀನ್ ಕಾರ್ಡಿಗಾಗಿ ನಡೆದ ಮದುವೆಗಳ ಕತೆ ನಮ್ಮ ಎಡಿಸನ್ನಿನಲ್ಲಿ ಮನೆಗೊಂದು ಸಿಗುತ್ತದೆ. ಮೋಸ, ಮೋಸ ಎಂದು ಎದೆ ಬಡಿದುಕೊಂಡಿತು. ನಾನೇ ಬೆಳಗಿನಿಂದ ಇಲ್ಲದ ಆಫೀಸಿಗೆ ರಜಾ ಹಾಕಿ ತಿರುಗುತ್ತಿದ್ದೇನೆಂಬುದು ಆ ಗಳಿಗೆಯಲ್ಲಿ ನೆನಪಿಗೇ ಬರಲಿಲ್ಲ.

ಕೊನೆಯ ದರ್ಶನ, ಸ್ಟ್ಯಾಟನ್ ಐಲೆಂಡಿಗೆ ಹೋಗುವ ದೋಣಿ. ಟಿಕೆಟ್ಟಿಲ್ಲ, ಸ್ವಾತಂತ್ರ್ಯ ದೇವಿಯ ವಿಗ್ರಹ ದೂರದಿಂದ ಚೆನ್ನಾಗಿ ಕಾಣುತ್ತದೆ. ಹೆಂಗಸರು ಒಳಗೆ ಬೆಚ್ಚಗೆ ಕೂತರು. ನಾನೂ ರಾಯರೂ ಹೊರಗೆ ಕಂಬಿ ಹಿಡಿದು ನಿಂತೆವು. ಬೂದು ನೀರು, ಬೂದು ಆಕಾಶ. ದೇವಿ ಬಂದಳು, ಹೋದಳು. ನಾವಿಬ್ಬರೂ ಅವಳನ್ನು ನೋಡಲಿಲ್ಲ.

"ಒಂದು ಮಾತು ಹೇಳ್ಬೇಕು," ಎಂದರು ರಾಯರು. "ಕಾರ್ತಿಕನ ಕೆಲಸ ಹೋಗಿದೆ. ಅನುಗೆ ಆವತ್ತೇ ಹೇಳಿದಾನೆ. ನಿಮಗೆ ನಾನೇ ಎದುರಿಗೆ ಕೂತು ಹೇಳ್ತೀನಿ ಅಂತ ಇಬ್ಬರ ಬಾಯೂ ಕಟ್ಟಿದ್ದೆ. ಬಂದ ಮೇಲೆ ಧೈರ್ಯ ಬರಲಿಲ್ಲ."

ನಾನು ಕಂಬಿ ಬಿಟ್ಟು ಅವರ ಕಡೆ ತಿರುಗಿದೆ.

"ಈಗ ಮದುವೆ ಮಾಡಿದ್ರೆ ಕಾರ್ಡಿಗೋಸ್ಕರ ಅಂತಾರೆ ಜನ. ನೀವೂ ಹಾಗೆ ಅಂದ್ಕೊಂಡ್ರೆ ನಾನು ತಪ್ಪು ಅನ್ನಲ್ಲ. ಮುಂದಕ್ಕೆ ಹಾಕೋಣ. ಅವನು ಊರಿಗೆ ಬರ್ಲಿ. ನಿಮ್ಮಂಥ ದೊಡ್ಡ ಮನೆಗೆ ಕೆಲಸ ಇಲ್ಲದ ಅಳಿಯ ಯಾಕೆ? ಹುಡುಗಿ ಮಾತ್ರ ಅಪರಂಜಿ ಕಣ್ರೀ."

ನನ್ನ ಅಪರಂಜಿ ನಮ್ಮ ಮನೆಯ ಗುಟ್ಟನ್ನು ಅವರಿಗೂ ಬಿಟ್ಟುಕೊಟ್ಟಿರಲಿಲ್ಲ, ಅವರ ಗುಟ್ಟನ್ನು ನನಗೂ ಬಿಟ್ಟುಕೊಟ್ಟಿರಲಿಲ್ಲ. ಎರಡು ಕಡೆಯ ಸುಳ್ಳಿನ ಮೂಟೆಗಳನ್ನು ಒಬ್ಬಳೇ ಹೊತ್ತುಕೊಂಡು, ದಿನಾ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದಳು. ಅವಳನ್ನು ನೆನೆದು ನನಗೆ ಅಳು ಬಂತು.

"ರಾಯರೇ," ಎಂದೆ, "ಮದುವೆ ಬೇಗನೇ ಆಗ್ಲಿ. ದೇವಸ್ಥಾನದಲ್ಲಿ ಮಾಡಿ ಮುಗಿಸೋಣ. ಕೆಲಸ ಇಲ್ಲದ ಗಂಡಸಿನ ಜೊತೆ ಒಂದೇ ಮನೇಲಿ ಇರೋದು ಹೇಗೆ ಅಂತ ನನ್ನ ಮಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಈ ಚಳಿಗಾಲ ಪೂರ್ತಿ ನನ್ನನ್ನ ಇಟ್ಕೊಂಡು ಕಲಿತಿದಾಳೆ."

ನಗಿಸಬೇಕೆಂದೇ ಹಾಗೆ ಹೇಳಿದ್ದೆ. ರಾಯರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ನಗಲಿಲ್ಲ. ಕೈಗವಸು ಕಳಚಿ ನನ್ನ ಕೈ ಹಿಡಿದುಕೊಂಡರು. ಅಂಥ ಚಳಿಯಲ್ಲೂ ಬೀಗರ ಕೈ ಬೆಚ್ಚಗಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಅದು ನನ್ನದಕ್ಕಿಂತಲೂ ತಣ್ಣಗಿತ್ತು. ದೋಣಿ ದಡ ಮುಟ್ಟುವವರೆಗೆ ನಾನು ಬಿಡಲಿಲ್ಲ.