ಆಪಾ ಕತ್ತರಿಸಿದ ಸೀರೆ

ಇವತ್ತು ಬೆಳಿಗ್ಗೆ ನಳದ ನೀರು ಹಿಡಿದು, ರೊಟ್ಟಿ ಬಡಿದು ಮುಗಿಸಿ, ಕೌದಿ ಹೊಲಿಯಲು ಹಳೆ ಬಟ್ಟೆ ಬೇಕೆಂದು ಟ್ರಂಕು ತೆರೆದೆ. ಡಾಂಬರ್ ಗುಳಿಗೆಯ ವಾಸನೆಯ ನಡುವೆ ಒಂದು ಇಳಕಲ್ ಸೀರೆಯ ತುಂಡುಗಳು ಸಿಕ್ಕವು. ಪಕ್ಕದ ಮನೆಯ ಆಪಾ, ನನಗೆ ಅಕ್ಕನಂತಿದ್ದವರು, ನೆನಪಾದರು...

ಅವರು ನಮ್ಮೂರು ಅಣ್ಣಿಗೇರಿಯಿಂದ ದಿನಾ ರೈಲು ಹಿಡಿದು ಹುಬ್ಬಳ್ಳಿಯ ಪ್ರಯೋಗಾಲಯವೊಂದಕ್ಕೆ ಹೋಗುತ್ತಿದ್ದರು. ಅಲ್ಲಿ ಡಿಎನ್‌ಎ ಓದುವ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದು ಅವರ ಕೆಲಸ.

ಆಗ ನನ್ನ ಮಗಳು ನಡೆಯುವಾಗ ವಾಲುತ್ತಿದ್ದಳು. ಗುಳಿಗೆ ನುಂಗಿ ತೂಕಡಿಸುತ್ತಿದ್ದಳೇ ಹೊರತು ಕಾಲು ನೆಟ್ಟಗಾಗಲಿಲ್ಲ. ಡಿಎನ್‌ಎ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಹಾಗಾದರೆ ಹುಡುಗಿ ಸೋಗು ಹಾಕುತ್ತಾಳೆ ಎಂಬ ಮಾತು ಮನೆಯಲ್ಲೇ ಶುರುವಾಯಿತು. ಅವಳು ಅಳುವುದನ್ನೂ ಬಿಟ್ಟಳು.

ಆಪಾ ವರದಿ ಓದಿ, "ತಂಗಿ, ಒಂದು ಹಳೇ ಸೀರಿ ಕೊಡು" ಎಂದರು. ಕೊಟ್ಟೆ. ಕತ್ತರಿ ಹಿಡಿದು ಚೂರು ಚೂರು ಮಾಡಿಬಿಟ್ಟರು!

"ಈಗ ಜೋಡಸು. ಡಿಎನ್‌ಎನೂ ಹಿಂಗ ಚೂರು ಚೂರು ಮಾಡಿ ಓದತಾರ, ಆಮ್ಯಾಲ ಕಂಪ್ಯೂಟರ್ ಜೋಡಸತೈತಿ."

ದಡಿಯ ಹೂವುಗಳನ್ನು ನೋಡಿ ನೋಡಿ ಹೊಂದಿಸಿದೆ. ಒಡಲಿನ ಚೌಕಡಿಗೆ ಬಂದಾಗ ಕೈ ನಿಂತಿತು. ಎಲ್ಲವೂ ಒಂದೇ ಥರ.

ಆಪಾ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟರು. "ಕಂಪ್ಯೂಟರ್ ಎರಡೂ ಒಂದ ಅಂತ ತಿಳದು ಹಿಂಗ ಕೂಡಸಿರತೈತಿ. ಚೌಕಡಿ ಹೆಚ್ಚಾಗಿದ್ರೂ ಕಾಣಂಗಿಲ್ಲ. ಉದ್ದ ತುಂಡು ಓದಸಬೇಕು."

ಅಷ್ಟರಲ್ಲಿ ಅತ್ತೆ ಬಂದರು. "ಅಯ್ಯ ನಮ್ಮವ್ವ! ನನ್ನ ಕುಬಸದ ಸೀರಿ!"

ಅವಸರದಲ್ಲಿ ನಾನು ಬಿಚ್ಚಿದ್ದು ಅವರ ಬಟ್ಟೆಯ ಗಂಟು. ಬಸುರಿಯಾಗಿದ್ದಾಗ ಸೀಮಂತಕ್ಕೆ ಉಟ್ಟ ಸೀರೆ ಅದು.

"ಬೈಯ್ರಿ ಅವ್ವಾರ, ನನಗ ಬೈಯ್ರಿ," ಎಂದರು ಆಪಾ. "ಹುಡಗಿಗೆ ಮಾತ್ರ ಸುಳ್ಳಿ ಅನಬ್ಯಾಡ್ರಿ."

ಅತ್ತೆ ತುಂಡುಗಳನ್ನು ಒಂದೊಂದಾಗಿ ಆರಿಸಿ ಮಡಚಿಟ್ಟರು.

ಆಪಾ ರಜೆ ಹಾಕಿ ನಮ್ಮ ಜೊತೆ ಡಾಕ್ಟರ ಹತ್ತಿರ ಬಂದರು. ಉದ್ದ ತುಂಡುಗಳನ್ನು ಓದುವ ಪರೀಕ್ಷೆಯಲ್ಲಿ ರೋಗ ಸಿಕ್ಕಿತು. ಡಿಎನ್‌ಎಯ ಒಂದು ಕಡೆ ಅವೇ ಅಕ್ಷರಗಳು ಅತಿಯಾಗಿ ಮರುಕಳಿಸಿದ್ದವು. ಪೂರಾ ವಾಸಿಯಾಗುವುದಲ್ಲ. ಆದರೆ ಬೇಡದ ಗುಳಿಗೆ ನಿಂತವು, ವ್ಯಾಯಾಮ ಶುರುವಾಯಿತು.

"ಅಂದ್ರ ನಾ ಸುಳ್ಳು ಹೇಳಿರಲಿಲ್ಲ, ಹೌದಿಲ್ಲ?" ಎಂದು ಕೇಳಿ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಆಪಾ ಅವಳ ಜಡೆ ಸವರುತ್ತ ಕುಳಿತಿದ್ದರು...

ಆ ಆಪಾ ಈಗಿಲ್ಲ. ಇದ್ದಾಗ ದಿನಾ ಬಟ್ಟಲು ತುಂಬಿಸಿ ಪಲ್ಯ ಕಳಿಸಿದೆ, ಹಬ್ಬಕ್ಕೆ ಹೋಳಿಗೆ ಕಳಿಸಿದೆ. ಬಾಯಿ ಬಿಟ್ಟು ಹೇಳಬೇಕಾದ್ದನ್ನು ಹೇಳಿದೆನೋ ಇಲ್ಲವೋ... ಇಲ್ಲಿ ಬರೆದಿದ್ದೇನೆ.

ಸಂಜೆ ಎದುರು ಮನೆಯಾಕೆ ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ ಕುಳಿತಿದ್ದರು. ನನ್ನನ್ನು ಕಂಡು ಗೊಣಗಿದರು: "ಏನ್ರೀ ನಿಮ್ಮ ಹುಡಗಿ! ಕೋಲು ಊರಕೊಂಡು ಒಬ್ಬಾಕಿನ ಸಂತಿಗೆ ಹೊಂಟಾಳ. ಕೈ ಹಿಡೀಲೇನವಾ ಅಂದ್ರ, 'ಬ್ಯಾಡ್ರೀ ಕಾಕು' ಅಂತಾಳ. ಭಾಳ ಹಟಾ ಬಿಡ್ರಿ!"