ಲಗಾಮಿಗೆ ಒರಗುವ ಕುದುರೆ

ಐವತ್ತರ ದಶಕದಲ್ಲಿ ನನ್ನ ಸೋದರಮಾವ ವಿಲೆ ಪಾರ್ಲೆಯಲ್ಲಿ ಎಣ್ಣೆಯ ಅಂಗಡಿ ಇಟ್ಟಿದ್ದರು. ಗಿರಾಕಿಗಳ ಮನೆಗೆ ಡಬ್ಬಿ ಸಾಗಿಸುವ ಗಾಡಿಗೆಂದು, ರೇಸಿನಲ್ಲಿ ಓಡಿ ವಯಸ್ಸಾದ ಕಂದು ಕುದುರೆಯೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತಂದರು. ಗಾಡಿ ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ವಿಜಾಪುರದ ಕಡೆ ಎತ್ತಿನ ಗಾಡಿ ಹೊಡೆದವನು ಎಂಬುದೇ ನನ್ನ ಅರ್ಹತೆ.

ಎತ್ತಿನ ವಿಷಯ ಸರಳ. ಹಗ್ಗ ಜಗ್ಗಿದರೆ ಮೂಗು ನೋಯುತ್ತದೆ, ನಿಲ್ಲುತ್ತದೆ. ನಾನು ಕುದುರೆಯ ಲಗಾಮನ್ನೂ ಹಾಗೆಯೇ ಎರಡೂ ಕೈಯಲ್ಲಿ ಜಗ್ಗಿದೆ. ಅದು ಕಡಿವಾಣದ ಮೇಲೆ ಮೈಭಾರವನ್ನೆಲ್ಲ ಹಾಕಿ, ಕತ್ತು ಚಾಚಿ ಓಡಿತು. ಇನ್ನೂ ಜಗ್ಗಿದೆ. ಇನ್ನೂ ಓಡಿತು. ಬಿಗಿಯಾದ ಲಗಾಮು ಎಂದರೆ ಓಡು ಎಂದು ರೇಸಿನವರು ಅದಕ್ಕೆ ಕಲಿಸಿದ್ದು ನನಗೇನು ಗೊತ್ತು? ಪಕ್ಕದ ಬೀದಿಯ ಡಾಕ್ಟರ ಮನೆಗೆ ಹೋಗಬೇಕಿದ್ದ ಶೇಂಗಾ ಎಣ್ಣೆ ಅವತ್ತು ಎರಡು ಸ್ಟೇಷನ್ ಆಚೆಯ ಜೋಗೇಶ್ವರಿ ನೋಡಿಕೊಂಡು ಬಂತು.

"ಎತ್ತು ಹೊಡದಾಂವಗ ಒಂದು ಕುದುರಿ ಹಿಡಿಯಾಕ ಆಗೂದಿಲ್ಲೇನಲೇ?" ಎಂದರು ಮಾವ. "ದೀಪಾವಳಿ ತನಕ ನೋಡ್ತೀನಿ. ಅಷ್ಟರಾಗ ಮಾತು ಕೇಳ್ಲಿಲ್ಲಂದ್ರ ಮಾರಿಬಿಡ್ತೀನಿ."

ಮಾರುವುದು ನನಗೆ ಬೇಡವಾಗಿತ್ತು. ಸಾಲುಮನೆಗಳ ಚಾಳಿನ ಒಂದೇ ಕೋಣೆಯಲ್ಲಿ ನಾವು ಆರು ಜನ ಮಲಗುತ್ತಿದ್ದೆವು. ಎಲ್ಲರೂ ಮಾತಾಡುವವರು, ಕೇಳುವವರು ಯಾರೂ ಇರಲಿಲ್ಲ. ಕುದುರೆ ಕೇಳುತ್ತಿತ್ತು. ಮೈ ತಿಕ್ಕುವಾಗ ಗದ್ದವನ್ನು ನನ್ನ ಹೆಗಲ ಮೇಲಿಟ್ಟು ಕಣ್ಣು ಮುಚ್ಚುತ್ತಿತ್ತು. ನನಗೆ ಅದರ ಮೇಲೆ ಜೀವವಿತ್ತು. ಅದಕ್ಕೆ ಬೆಲ್ಲದ ಮೇಲಿತ್ತು.

ಸ್ಟೇಷನ್ನಿನ ಹೊರಗೆ ನಿಲ್ಲುತ್ತಿದ್ದ ಮುದುಕ ಟಾಂಗಾವಾಲಾನೊಬ್ಬ ನನ್ನ ಪಾಡು ನೋಡಿ ನೋಡಿ ಬೇಸತ್ತು ಒಂದು ದಿನ ಗಾಡಿ ಹತ್ತಿದ. "ಖೀಂಚೋ ಮತ್, ಭಾಯ್," ಎಂದ. ಜಗ್ಗಬೇಡ, ನೀನು ಜಗ್ಗಿ ಹಿಡಿದರೆ ಒರಗಲು ಅದಕ್ಕೊಂದು ಗೋಡೆ ಸಿಕ್ಕ ಹಾಗೆ. ಗೋಡೆಯೇ ಇಲ್ಲದಿದ್ದರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ ಎಂದು ವಿವರಿಸಿದ. ಅಂದರೆ ಚೂರು ಹಿಡಿಯಬೇಕು, ಅದು ಒರಗುವ ಮೊದಲೇ ಬಿಡಬೇಕು. ಮತ್ತೆ ಹಿಡಿಯಬೇಕು, ಮತ್ತೆ ಬಿಡಬೇಕು. ಓಡುತ್ತಿರುವ ಕುದುರೆಯ ಲಗಾಮು ಬಿಡುವುದು ಹೇಳಿದಷ್ಟು ಸುಲಭವಲ್ಲ. ಮೊದಲ ವಾರ ನಾನು ಬಿಟ್ಟಾಗಲೆಲ್ಲ ಮನೆದೇವರನ್ನು ನೆನೆದೆ. ದೇವರಿಗೆ ಬಿಡುವೇ ಇರಲಿಲ್ಲ.

ದಸರೆಯ ಹೊತ್ತಿಗೆ ಕುದುರೆ ಕತ್ತು ಎತ್ತಿ, ಬಾಯಿ ಮೆತ್ತಗೆ ಮಾಡಿಕೊಂಡು ನಡೆಯತೊಡಗಿತು. ಮಾವ ಮಾರುವ ಮಾತು ಬಿಟ್ಟರು. ನಾನು ನಿಶ್ಚಿಂತನಾದೆ.

ಅದರ ಈ ನಡಿಗೆಯನ್ನು ಕಂಡೇ ಬೆಳಗಾವಿ ಕಡೆಯ ವ್ಯಾಪಾರಿಯೊಬ್ಬರು ಅಂಗಡಿಗೆ ಬಂದರು. ಮಕ್ಕಳನ್ನು ಶಾಲೆಗೆ ಕಳಿಸುವ ಟಾಂಗಾಕ್ಕೆ ಸೌಮ್ಯವಾದ ಕುದುರೆ ಬೇಕಿತ್ತಂತೆ. ಅವರು ಹೇಳಿದ ಬೆಲೆಗೆ ಮಾವನ ಮುಖ ಅರಳಿತು.

"ಲಗಾಮು ಜಗ್ಗಿ ಕೈಗೆ ಭಾರ ಆಗ್ತೈತೇನ್ರಿ?" ಎಂದು ಕೇಳಿದರು ವ್ಯಾಪಾರಿ.

"ನಮ್ಮ ಹುಡುಗನ್ನ ಕೇಳ್ರಿ. ಹೊಡದು ತೋರಸ್ತಾನ," ಎಂದರು ಮಾವ.

ಗಾಡಿ ಹತ್ತಿದೆ. ಮುಷ್ಟಿ ಬಿಗಿದು ಒಮ್ಮೆ ಜಗ್ಗಿದ್ದರೆ ಸಾಕಿತ್ತು. ಕುದುರೆ ಹಳೆಯ ಚಾಳಿಗೆ ಬಿದ್ದು ನನ್ನನ್ನು ರೈಲ್ವೆ ಗೇಟಿನ ತನಕ ಎಳೆದೊಯ್ಯುತ್ತಿತ್ತು, ವ್ಯಾಪಾರಿ ಕೈಮುಗಿದು ಮನೆಗೆ ಹೋಗುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಂಗಡಿಯ ಹಮಾಲರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಎದುರಿನ ಚಾಳಿನ ಗ್ಯಾಲರಿಯಲ್ಲೂ ಜನ ನಿಂತಿದ್ದರು.

ಲಗಾಮನ್ನು ಎರಡೇ ಬೆರಳಿನಲ್ಲಿ ಹಿಡಿದೆ. ಕುದುರೆ ಗಲ್ಲಿಯ ತುದಿಯವರೆಗೆ ಹೋಗಿ, ತಿರುಗಿ ಬಂದು, ಅಂಗಡಿಯ ಮೆಟ್ಟಿಲ ಮುಂದೆ ತಾನಾಗಿ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಮಾವ ಎಲ್ಲರ ಮುಂದೆ ನನ್ನ ಬೆನ್ನು ಚಪ್ಪರಿಸಿ "ಭಲೇ" ಎಂದರು. ಅಲ್ಲಿಯವರೆಗೆ ಅವರು ನನಗೆ ಆ ಮಾತು ಅಂದವರಲ್ಲ. ನನಗೆ ತುಂಬ ಸಂತೋಷವಾಯಿತು. ವ್ಯಾಪಾರಿಯ ಆಳು ಕುದುರೆಯನ್ನು ಬಿಚ್ಚಿಕೊಂಡು ಗಲ್ಲಿ ದಾಟುವವರೆಗೂ ಆಗುತ್ತಲೇ ಇತ್ತು.